ಕೆಂಪು ಗುಂಡಿ ಎರಡಿವೆ: ಮಾವನ ಕ್ಯಾಸೆಟ್ಟುಗಳಿಗೊಂದು ಕೈಪಿಡಿ ಬರೆದ ಪ್ರಕರಣ

ಮಾವನ ಮನೆ ಶಿರಸಿಯಿಂದ 12 ಕಿಲೋಮೀಟರ್ ಒಳಗೆ. ಅಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮೂರು ತಗಡಿನ ಡಬ್ಬಿ ಇದ್ದವು, ಒಳಗೆ 140 ಕ್ಯಾಸೆಟ್ಟು. ಮಳೆಗಾಲದಲ್ಲಿ ಟೇಪಿಗೆ ಬೂಸಲು ಹಿಡಿಯುವುದು ನಮ್ಮ ಕಡೆ ಎಲ್ಲರ ಮನೆಯ ಕಥೆ. ಹೊಗೆ ತಾಗುವ ಜಾಗದಲ್ಲಿ ಇಟ್ಟಿದ್ದಕ್ಕೋ ಏನೋ, ಡಬ್ಬಿಗಳು ಮಸಿ ಹಿಡಿದಿದ್ದರೂ ಒಳಗಿನ ಟೇಪು ಒಣಗಿಯೇ ಇತ್ತು.

ಮಾವ ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಈಗ 74 ವರ್ಷ. ಯಕ್ಷಗಾನದ ಆಟದ ಹುಚ್ಚು. 1980ರ ದಶಕದಲ್ಲಿ ಟೇಪ್‌ರೆಕಾರ್ಡರ್ ಕೊಂಡ ಮೇಲೆ ಸುತ್ತಮುತ್ತ ಎಲ್ಲಿ ಯಕ್ಷಗಾನವಾಗಲಿ, ತಾಳಮದ್ದಳೆಯಾಗಲಿ, ಅದನ್ನು ಹೆಗಲಿಗೆ ಹಾಕಿಕೊಂಡು ಹೋಗಿ ರಂಗಸ್ಥಳದ ಬುಡದಲ್ಲೇ ಕೂರುತ್ತಿದ್ದರು. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳೂ ಇವೆ. 1990ರಲ್ಲಿ ಭಾಗವತ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರ ಪದ್ಯಗಳ ಕ್ಯಾಸೆಟ್ಟನ್ನು ಹುಡುಕಿ ಹುಡುಕಿ ತಂದಿಟ್ಟಿದ್ದರಂತೆ. ಅಂಥವು ಬೇರೆಯವರ ಮನೆಯಲ್ಲೂ ಸಿಕ್ಕಾವು. ಆದರೆ ಮಾವ ತಾವೇ ಹಿಡಿದ ಇಡಗುಂಜಿ ಮೇಳದ ಆಟ, ಕೆರೆಮನೆ ಶಂಭು ಹೆಗಡೆಯವರ ಮಾತು, ಊರ ದೇವಸ್ಥಾನದ ತಾಳಮದ್ದಳೆ ಕೂಟ, ಇವಕ್ಕೆಲ್ಲ ಇರುವುದು ಆ ಒಂದೇ ಪ್ರತಿ.

ಅಷ್ಟರಲ್ಲಿ ಟೇಪ್‌ರೆಕಾರ್ಡರಿನ ರಬ್ಬರ್ ಬೆಲ್ಟು ಕರಗಿ ಅಂಟಂಟಾಯಿತು. ಪೇಟೆಯಲ್ಲಿ ರಿಪೇರಿ ಮಾಡಿಕೊಟ್ಟವನು ‘ಇನ್ನೊಂದು ಸಲ ಕೆಟ್ಟರೆ ನನ್ನ ಹತ್ತಿರ ತರಬೇಡಿ’ ಎಂದೇ ಕಳಿಸಿದ. ಅವತ್ತು ರಾತ್ರಿ ನನಗೆ ಫೋನು ಬಂತು: ‘ತಮಾ, ಇದ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡ್ಲಾಗ್ತಾ?’

ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಶಿರಸಿಯಲ್ಲೇ ಕೂತು ಕೆಲಸ ಮಾಡುವವನು. ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವುದೇ ಹೊಟ್ಟೆಪಾಡು. ಲೆಕ್ಕ ಹಾಕಿ ನೋಡಿದೆ. ಬಹುಪಾಲು ಸಿ-90, ಬದಿಗೆ 45 ನಿಮಿಷ; 140 ಕ್ಯಾಸೆಟ್ಟಿಗೆ 210 ಗಂಟೆ. ಪೆನ್‌ಡ್ರೈವಿನ ಹಾಗೆ ಒಂದೇ ಏಟಿಗೆ ಕಾಪಿ ಹೊಡೆಯಲು ಬರುವುದಿಲ್ಲ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಟೇಪು ಓಡಿ ಮುಗಿಯುವವರೆಗೂ ಯಾರಾದರೂ ಹತ್ತಿರ ಇರಲೇಬೇಕು. ಅಷ್ಟು ಹೊತ್ತು ಇದ್ದುದು ಮಾವನ ಹತ್ತಿರ, ನನ್ನ ಹತ್ತಿರ ಅಲ್ಲ. ಅವರ ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪೂ ಮನೆಯಲ್ಲಿತ್ತು. ಹಾಗಾಗಿ ಕೆಲಸ ಅವರೇ ಮಾಡಲಿ, ನಾನು ಕೈಪಿಡಿ ಬರೆದುಕೊಡುತ್ತೇನೆ ಎಂದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಐದು ತಿಂಗಳು ಹಿಡಿಯಿತು.

ಮೊದಲ ಕರಡು

ಸಾಫ್ಟ್‌ವೇರ್ ಯಾವುದು ಎಂಬ ಪ್ರಶ್ನೆ ಬರಲೇ ಇಲ್ಲ. ಧ್ವನಿ ಹಿಡಿದು ತಿದ್ದುವ ಆಡಾಸಿಟಿ 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿದ್ದು. 2000ದ ಮೇ ತಿಂಗಳಲ್ಲಿ ಹೊರಬಂತು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಿ ತಿದ್ದಿ ಹಂಚಬಹುದಾದ ಜಿಪಿಎಲ್ ಪರವಾನಗಿ, ದುಡ್ಡಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಬಲು ದೊಡ್ಡ ಕೈಪಿಡಿಯಿದೆ. ಮೆನುವಿನ ಪ್ರತಿ ಸಾಲಿಗೂ ವಿವರಣೆ ಇರುವಂಥದ್ದು, ಗೊತ್ತಿದ್ದವರಿಗೆ ಬಂಗಾರ. ಮಾವನಿಗೆ ಬೇಕಾದದ್ದು ಅದಲ್ಲ, ಒಂದು ಕೆಲಸ ಶುರುವಿನಿಂದ ಕೊನೆಯವರೆಗೆ ಹೇಗೆ ಮಾಡುವುದು ಎಂಬುದಷ್ಟೇ.

ನಾನು 14 ಪುಟ ಬರೆದೆ. ಈಗ ತೆಗೆದು ನೋಡಿದರೆ ನಾಚಿಕೆಯಾಗುತ್ತದೆ. ಮೊದಲ ಪುಟದಲ್ಲಿ ಮುಕ್ತ ತಂತ್ರಾಂಶ ಅಂದರೇನು, ಎರಡರಲ್ಲಿ ಇನ್‌ಸ್ಟಾಲ್ ಮಾಡುವುದು ಹೇಗೆ (ಇನ್‌ಸ್ಟಾಲ್ ನಾನೇ ಮಾಡಿಕೊಟ್ಟಾಗಿತ್ತು!), ಮೂರರಲ್ಲಿ ಧ್ವನಿತರಂಗದ ಚಿತ್ರ, ಸೆಕೆಂಡಿಗೆ 44,100 ಮಾದರಿ ಯಾಕೆ ಎಂಬ ಪಾಠ. ಕ್ಯಾಸೆಟ್ಟು ಬರುವುದು ಆರನೇ ಪುಟದಲ್ಲಿ. ಭಾಷೆಯೋ, ಕಡತ, ಕಡತಕೋಶ, ಉಳಿಸು, ರಫ್ತು ಮಾಡು. ಲಿನಕ್ಸಿನ ಕನ್ನಡ ಅವತರಣಿಕೆಗಳಲ್ಲಿ ಚಲಾವಣೆಯಲ್ಲಿರುವ ಪದಗಳೇ ಇವು, ನಾನೇನೂ ಹುಟ್ಟಿಸಿದ್ದಲ್ಲ.

ಮಾವ 14 ಪುಟವನ್ನೂ ಲೆಕ್ಕದ ಪುಸ್ತಕ ತಪಾಸಣೆ ಮಾಡಿದ ಹಾಗೆ ಪೆನ್ಸಿಲ್ ಹಿಡಿದು ಓದಿದರು. ಕನ್ನಡಕ ತೆಗೆದಿಟ್ಟು ಕೇಳಿದರು: ‘ಓದ್ದಿ. ಈಗ ಎಂತ ಮಾಡವು?’

ಇನ್ನೊಂದು ಪ್ರಶ್ನೆ ‘ರಫ್ತಿ’ನ ಬಗ್ಗೆ. ಮೂವತ್ತು ವರ್ಷ ಅಡಿಕೆ ಲೋಡು ಬರೆದ ಕೈ ಅದು. ‘ರಫ್ತು ಎಲ್ಲಿಗೆ? ಈ ಧ್ವನಿನ ಯಾರಿಗೆ ಕಳಿಸ್ತ್ಯ?’ ನಗು ಬಂತು, ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ತಾನು ಕಷ್ಟಪಟ್ಟು ಹಿಡಿದ ಆಟ ಗುಂಡಿ ಒತ್ತಿದೊಡನೆ ಎಲ್ಲಿಗೋ ಹೋಗಿಬಿಡುತ್ತದೆ ಎಂಬ ಹೆದರಿಕೆ. ಅದಕ್ಕೇ ಆ ಗುಂಡಿ ಮುಟ್ಟಿರಲಿಲ್ಲ.

ಎರಡು ಯಂತ್ರ, ಒಂದೇ ಮಾತು

ಎರಡನೇ ಕರಡು ನಾಲ್ಕು ಪುಟಕ್ಕೆ ಇಳಿಯಿತು. ಪೀಠಿಕೆ ಇಲ್ಲ, ಬರೀ ಹಂತಗಳು. ಅದನ್ನು ಕೊಟ್ಟು ನಾನು ಬಾಯಿ ಮುಚ್ಚಿ ಹಿಂದೆ ಕೂತೆ. ಕಂಪನಿಯಲ್ಲಿ ಇದನ್ನು ಬಳಕೆದಾರರ ಪರೀಕ್ಷೆ ಎನ್ನುತ್ತೇವೆ, ವರ್ಷಕ್ಕೊಮ್ಮೆ ಯಾರಾದರೂ ನೆನಪು ಮಾಡಿದರೆ ಮಾಡುತ್ತೇವೆ.

ಮೂರನೇ ಹಂತ ಹೀಗಿತ್ತು: ‘ಕ್ಯಾಸೆಟ್ ಹಾಕಿ. ಕೆಂಪು ರೆಕಾರ್ಡ್ ಗುಂಡಿ ಒತ್ತಿ. ನಂತರ ಪ್ಲೇ ಒತ್ತಿ.’

ಮಾವ ಕ್ಯಾಸೆಟ್ ಹಾಕಿದರು. ಬೆರಳು ಟೇಪ್‌ರೆಕಾರ್ಡರಿನ ಕೆಂಪು ಚುಕ್ಕೆಯ ಗುಂಡಿಯ ಮೇಲೆ ಹೋಯಿತು. ನನಗೆ ಅರ್ಥವಾಗುವ ಹೊತ್ತಿಗೆ ಅದು, ಅದರ ಜೊತೆಗೆ ಪ್ಲೇ, ಎರಡೂ ಕೆಳಗಿಳಿದಿದ್ದವು. ಕ್ಯಾಸೆಟ್ಟು ಅಳಿಯಲು ಶುರುವಾಗಿತ್ತು. ನಾನು ಕುರ್ಚಿಯಿಂದ ಹಾರಿ ಸ್ಟಾಪ್ ಒತ್ತಿದೆ. ಏಳೆಂಟು ಸೆಕೆಂಡು ಹೋಯಿತು. ಆಗಿನ ಪ್ರಸಂಗದ ಪದ್ಯದ ಬದಲು ಈಗ ಅಲ್ಲಿರುವುದು ಅತ್ತೆ ಒಳಗಿನಿಂದ ‘ಚಾ ಮಾಡಲಾ?’ ಎಂದು ಕೇಳಿದ್ದು. ಟೇಪ್‌ರೆಕಾರ್ಡರಿನ ಒಳಗಿನ ಮೈಕು ಅದನ್ನು ಚೆನ್ನಾಗಿಯೇ ಹಿಡಿದಿದೆ.

ತಪ್ಪು ಮಾವನದಲ್ಲ. ನಲವತ್ತು ವರ್ಷದಿಂದ ಅವರಿಗೆ ರೆಕಾರ್ಡ್ ಎಂದರೆ ಆ ಗುಂಡಿಯೇ. ಮೇಜಿನ ಮೇಲೆ ಎರಡು ಯಂತ್ರ, ಎರಡಕ್ಕೂ ಕೆಂಪು ರೆಕಾರ್ಡು, ಎರಡಕ್ಕೂ ಪ್ಲೇ, ಎರಡಕ್ಕೂ ಸ್ಟಾಪು. ಬರೆಯುವಾಗ ನನ್ನ ತಲೆಯಲ್ಲಿ ಲ್ಯಾಪ್‌ಟಾಪ್ ಮಾತ್ರ ಇತ್ತು. ‘ಆರಂಭಿಕರಿಗಾಗಿ’ ಎಂದು ಬರೆಯುವಾಗ ಎದುರಿಗಿರುವವರಿಗೆ ಏನೂ ಗೊತ್ತಿಲ್ಲ ಎಂದು ಭಾವಿಸಿಬಿಡುತ್ತೇವೆ. ಮಾವನಿಗೆ ತುಂಬ ಗೊತ್ತಿತ್ತು, ಬೇರೆ ಯಂತ್ರದ್ದು. ಆ ಗೊತ್ತಿರುವಿಕೆಯೇ ನನ್ನ ಕೈಪಿಡಿಯನ್ನು ಅಡ್ಡದಾರಿಗೆಳೆಯಿತು.

ಇದು ಹೊಸ ಸಂಗತಿಯೇನಲ್ಲ. 1980ರ ದಶಕದ ಶುರುವಿನಲ್ಲಿ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರಲ್ ಮತ್ತು ಸಂಗಡಿಗರು, ಟೈಪ್‌ರೈಟರ್ ಬಲ್ಲವರು ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲಿ ಕೂತು ನೋಡಿದ್ದರು. ಟೈಪ್‌ರೈಟರಿನಲ್ಲಿ ಸ್ಪೇಸ್ ಬಾರ್ ಒತ್ತಿದರೆ ಕಾಗದ ಹಿಡಿದ ಗಾಡಿ ಮುಂದೆ ಹೋಗುತ್ತದೆ ಅಷ್ಟೆ. ಕಂಪ್ಯೂಟರಿನಲ್ಲಿ ಅದು ಖಾಲಿ ಅಕ್ಷರವನ್ನೇ ತುರುಕುತ್ತದೆ. ಬಲ್ಲವರೇ ಅಲ್ಲಿ ಎಡವುತ್ತಿದ್ದರು. ಜನ ಓದಿ ಮುಗಿಸಿ ಮಾಡುವುದಿಲ್ಲ, ಮಾಡಲು ಹೊರಟು ಸಿಕ್ಕಿಕೊಂಡಾಗ ಓದುತ್ತಾರೆ ಎಂಬುದನ್ನು ಕಂಡು ಅವರು ಕೈಪಿಡಿಯನ್ನು ಸಣ್ಣದು ಮಾಡಿದರು. ಕ್ಯಾರಲ್ ವಿಷಯ ನನಗೆ ಮೊದಲೇ ಗೊತ್ತಿತ್ತು, ಹೊಸಬರಿಗೆ ಪಾಠವನ್ನೂ ಮಾಡಿದ್ದೇನೆ. ಆದರೂ ಏಳೆಂಟು ಸೆಕೆಂಡು ಹೋಯಿತು.

ಆ ಸಂಜೆಯೇ ಕೈಪಿಡಿಗೆ ಹೊಸ ಮೊದಲ ಪುಟ ಬಂತು. ಅದರಲ್ಲಿ ಕಂಪ್ಯೂಟರಿನ ಮಾತೇ ಇಲ್ಲ. ಕ್ಯಾಸೆಟ್ಟಿನ ಬೆನ್ನಿನಲ್ಲಿ, ಟೇಪು ಕಾಣುವ ಕಡೆಗೆ ಎದುರು ಅಂಚಿನ ಎರಡು ಮೂಲೆಯಲ್ಲಿ, ಸಣ್ಣ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಅವನ್ನು ಮುರಿದರೆ ರೆಕಾರ್ಡ್ ಗುಂಡಿ ಕೆಳಗೇ ಹೋಗುವುದಿಲ್ಲ. ಅಂಗಡಿಯ ಕ್ಯಾಸೆಟ್ಟುಗಳಿಗೆ ಮೊದಲಿನಿಂದಲೂ ಆ ಕಿವಿ ಇರುವುದಿಲ್ಲ. ಮನೆಯಲ್ಲಿ ಹಿಡಿದವಕ್ಕೆ ಇರುತ್ತದೆ, ಅಂದರೆ ಒಂದೇ ಪ್ರತಿ ಇರುವಂಥವಕ್ಕೇ ಅಪಾಯ. ಮಾವ ಆ ರಾತ್ರಿ ಕೂತು ಅಡಕತ್ತರಿಯ ತುದಿಯಿಂದ ಅಷ್ಟೂ ಕ್ಯಾಸೆಟ್ಟಿನ ಕಿವಿ ಮುರಿದರು.

ಎರಡನೆಯದಾಗಿ, ಕೈಪಿಡಿಯಿಂದ ‘ರೆಕಾರ್ಡ್’, ‘ಪ್ಲೇ’, ‘ಸ್ಟಾಪ್’ ಎಂಬ ಒಂಟಿ ಪದಗಳನ್ನು ತೆಗೆದುಹಾಕಿದೆ. ‘ಪೆಟ್ಟಿಗೆಯ ಪ್ಲೇ’, ‘ಪರದೆಯ ಕೆಂಪು ಬಿಲ್ಲೆ’, ‘ಪರದೆಯ ಚೌಕ’. ಟೇಪ್‌ರೆಕಾರ್ಡರ್ ಪೆಟ್ಟಿಗೆ, ಆಡಾಸಿಟಿ ಪರದೆ. ಮುಂದೆ ಇದೇ ಇನ್ನೊಂದು ತೊಡಕನ್ನೂ ಬಿಡಿಸಿತು. ಧ್ವನಿ ತಿದ್ದುವ ಎಫೆಕ್ಟ್ ಮೆನು ಬೂದಿ ಬಣ್ಣಕ್ಕೆ ತಿರುಗಿ ಏನೂ ಒತ್ತಲಾಗುತ್ತಿಲ್ಲ ಎಂದು ಮಾವ ಎರಡು ಸಲ ಫೋನು ಮಾಡಿದ್ದರು. ಕ್ಯಾಸೆಟ್ಟು ಮುಗಿದು ಪೆಟ್ಟಿಗೆ ನಿಂತಿತ್ತು, ಪರದೆಯಲ್ಲಿ ರೆಕಾರ್ಡಿಂಗ್ ಇನ್ನೂ ಓಡುತ್ತಲೇ ಇತ್ತು. ಅದು ಓಡುವಾಗ ಆಡಾಸಿಟಿ ತಿದ್ದಲು ಬಿಡುವುದಿಲ್ಲ. ‘ನಿಲ್ಲಿಸಿ’ ಎಂದು ನಾನು ಬರೆದದ್ದನ್ನು ಅವರು ಮಾಡಿಯೇ ಇದ್ದರು, ಪೆಟ್ಟಿಗೆಯಲ್ಲಿ.

ಶ್ರುತಿ ಹೋದದ್ದು

ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಕಲಿಸಿದ ಭಾಗ ಇದು.

ಹಳೆಯ ಟೇಪಿನಲ್ಲಿ ‘ಸ್ಸ್’ ಎಂಬ ಸದ್ದು ಸದಾ ಇರುತ್ತದೆ. ಅದನ್ನು ತಗ್ಗಿಸಲು ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಇದೆ. ಎರಡು ಹೆಜ್ಜೆ. ಮೊದಲು ಬರೀ ಗಲಾಟೆ ಸದ್ದಿರುವ ಒಂದೆರಡು ಸೆಕೆಂಡಿನ ತುಣುಕನ್ನು ಗುರುತುಮಾಡಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಬೇಕು. ಆಮೇಲೆ ಇಡೀ ಧ್ವನಿಯನ್ನು ಗುರುತುಮಾಡಿ ಅದೇ ಕಿಟಕಿ ಮತ್ತೆ ತೆರೆದು ಓಕೆ ಒತ್ತಬೇಕು. ಮೊದಲ ಸಲ ಗುಂಡಿ ಒತ್ತಿದಾಗ ಕಿಟಕಿ ಮುಚ್ಚಿಹೋಗುವುದರಿಂದ ಬಹಳ ಜನ ಕೆಲಸ ಮುಗಿಯಿತು ಎಂದೇ ಬಿಟ್ಟುಬಿಡುತ್ತಾರೆ. ಅದು ನನಗೆ ಗೊತ್ತಿತ್ತು, ದಪ್ಪಕ್ಷರದಲ್ಲಿ ‘ಇನ್ನೂ ಮುಗಿದಿಲ್ಲ’ ಎಂದು ಹಾಕಿದ್ದೆ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಮೊದಲ ಹೆಜ್ಜೆಗೆ ನಾನು ಬರೆದ ವಾಕ್ಯ: ‘ಯಾರೂ ಹಾಡದ, ಮಾತಾಡದ ಜಾಗವನ್ನು ಹುಡುಕಿ ಎರಡು ಸೆಕೆಂಡಿನಷ್ಟು ಗುರುತುಮಾಡಿ.’

ವಾರದ ನಂತರ ಫೋನು: ‘ತಮಾ, ಶ್ರುತಿನೇ ಹೋತಲೋ!’

ಹೋಗಿ ಕೇಳಿದೆ. ಭಾಗವತರ ಕಂಠ ಬಾವಿಯೊಳಗಿಂದ ಬಂದ ಹಾಗೆ, ಕೆಲವು ಸ್ವರಗಳು ನೀರಿನಲ್ಲಿ ನೆನೆಸಿದ ಹಾಗೆ. ಹಾರ್ಮೋನಿಯಂ ಶ್ರುತಿ ಹೆಚ್ಚುಕಡಿಮೆ ಮಾಯ. ಮಾವ ಮಾಡಿದ್ದನ್ನು ಮತ್ತೆ ಮಾಡಿ ತೋರಿಸಲು ಹೇಳಿದೆ. ಅವರು ಪ್ರಾರ್ಥನೆಗೆ ಮುಂಚಿನ ಜಾಗಕ್ಕೆ ಹೋದರು. ಭಾಗವತರು ಇನ್ನೂ ಬಾಯಿ ತೆರೆದಿಲ್ಲ, ಮದ್ದಳೆ ಇಲ್ಲ, ತಾಳ ಇಲ್ಲ. ಶ್ರುತಿ ಮಾತ್ರ ಗುಂಯ್ ಎನ್ನುತ್ತಿದೆ. ಅದನ್ನೇ ಗುರುತುಮಾಡಿದರು.

‘ಯಾರೂ ಹಾಡದ ಜಾಗ ಹೇಳಿ ನೀನೇ ಬರದ್ದೆ ಅಲ್ದಾ?’

ಬರೆದಿದ್ದೆ. ಯಕ್ಷಗಾನ ಕೇಳುವವರಿಗೆ ಶ್ರುತಿ ಎಂದರೆ ಹಾಡಲ್ಲ. ಹಾಡು ಶುರುವಾಗುವ ಮೊದಲು ಇರುವ ನೆಲ. ಆಡಾಸಿಟಿಗೆ ಅದೆಲ್ಲ ತಿಳಿಯದು. ಕೊಟ್ಟ ತುಣುಕನ್ನು ಅದು ಕಂಪನಾಂಕಗಳ ಪ್ರಕಾರ ಪಟ್ಟಿ ಪಟ್ಟಿಯಾಗಿ ಬಿಡಿಸಿ, ಪ್ರತಿ ಪಟ್ಟಿಯಲ್ಲೂ ಇಷ್ಟು ಮಟ್ಟದವರೆಗೆ ಇರುವುದು ಗಲಾಟೆ ಎಂದು ಗೆರೆ ಎಳೆಯುತ್ತದೆ. ಆಮೇಲೆ ಇಡೀ ರೆಕಾರ್ಡಿಂಗಿನಲ್ಲಿ ಆ ಗೆರೆಗಿಂತ ಕೆಳಗಿರುವುದನ್ನೆಲ್ಲ ತಗ್ಗಿಸುತ್ತದೆ. ಶ್ರುತಿಯ ಷಡ್ಜ, ಪಂಚಮ ಇರುವ ಪಟ್ಟಿಗಳಲ್ಲೇ ಗೆರೆ ಎತ್ತರಕ್ಕೆ ಬಿದ್ದಿತ್ತು. ಭಾಗವತರೂ ಅದೇ ಷಡ್ಜಕ್ಕೆ ಬಂದು ನಿಲ್ಲುವವರಲ್ಲವೇ? ಮೆಲುದನಿಯಲ್ಲಿ ನಿಂತಾಗಲೆಲ್ಲ ಅವರ ದನಿಯೂ ಗೆರೆಯ ಕೆಳಗೆ ಸಿಕ್ಕಿ ಹೋಗಿತ್ತು.

ವಾಕ್ಯ ತಿದ್ದುವುದು ಸುಲಭ ಅಂದುಕೊಂಡೆ. ‘ಬರೀ ಟೇಪಿನ ಸದ್ದಿರುವ ಜಾಗ’ ಎಂದು ಬರೆದೆ. ಮಾವ ಹುಡುಕಿದರು, ಕ್ಯಾಸೆಟ್ಟಿನ ತುತ್ತತುದಿಯ ಖಾಲಿ ಟೇಪು ಸಿಕ್ಕಿತು. ಅದರಿಂದ ಅರ್ಧ ಕೆಲಸವೂ ಆಗಲಿಲ್ಲ. ಯಾಕೆಂದರೆ ಏನನ್ನೂ ರೆಕಾರ್ಡ್ ಮಾಡದ ಟೇಪಿನ ಸದ್ದೇ ಬೇರೆ, ಆಟದ ಜಾಗದಲ್ಲಿ ಮೈಕು ತೆರೆದಿಟ್ಟಾಗಿನ ಸದ್ದೇ ಬೇರೆ. ಅಲ್ಲಿ ಜನರೇಟರ್ ಇರುತ್ತದೆ, ಪೆಟ್ರೋಮ್ಯಾಕ್ಸ್ ಇರುತ್ತದೆ, ರೆಕಾರ್ಡರಿನದೇ ಮೋಟಾರಿನ ಗುರುಗುರು ಇರುತ್ತದೆ.

ಸರಿಯಾದ ವಾಕ್ಯ ಕೊನೆಗೆ ಸಿಕ್ಕಿದ್ದು ಮಾವನ ನೆನಪಿನಿಂದ. ‘ನಾನು ರೆಕಾರ್ಡು ಒತ್ತದು ಶ್ರುತಿ ಹಿಡಿಯೋದ್ರಕ್ಕಿಂತ ಮುಂಚೆ’ ಎಂದರು. ಒತ್ತಿದಾಗ ಟೇಪಿನಲ್ಲಿ ‘ಟಕ್’ ಎಂದು ಬೀಳುತ್ತದೆ. ಈಗ ಕೈಪಿಡಿಯ ಐದನೇ ಪುಟದಲ್ಲಿರುವುದು ಹೀಗೆ: ‘ಟಕ್ ಸದ್ದು ಕೇಳಿದ ಮೇಲೆ, ಶ್ರುತಿ ಹಿಡಿಯುವ ಮೊದಲು, ಒಂದೆರಡು ಸೆಕೆಂಡು ಇರುತ್ತದೆ. ಅದನ್ನು ಗುರುತುಮಾಡಿ. ಅಂಥ ಜಾಗ ಇಲ್ಲದ ಕ್ಯಾಸೆಟ್ಟಿಗೆ ಇದನ್ನು ಮಾಡಲೇ ಬೇಡಿ.’ ಇಂಗ್ಲಿಷ್ ಕೈಪಿಡಿಯ ಅನುವಾದ ಮಾಡಿದ್ದರೆ ಈ ವಾಕ್ಯ ಹುಟ್ಟುತ್ತಿರಲಿಲ್ಲ. ‘ಟಕ್’ ಎಂಬುದು ಮಾವನ ಟೇಪ್‌ರೆಕಾರ್ಡರಿನದು.

ಜೊತೆಗೆ ಒಂದು ತಪಾಸಣೆಯನ್ನೂ ಸೇರಿಸಿದೆ. ನಾಯ್ಸ್ ರಿಡಕ್ಷನ್ ಕಿಟಕಿಯ ಕೆಳಭಾಗದಲ್ಲಿ ‘ರೆಸಿಡ್ಯೂ’ ಎಂಬ ಆಯ್ಕೆಯಿದೆ. ಅದನ್ನು ಆರಿಸಿ ಪ್ರಿವ್ಯೂ ಒತ್ತಿದರೆ ಉಳಿಯುವುದನ್ನಲ್ಲ, ತೆಗೆದುಹಾಕುವುದನ್ನು ಕೇಳಿಸುತ್ತದೆ. ತಜ್ಞರ ಗುಂಡಿ ಎಂದು ಮೊದಲು ಬಿಟ್ಟಿದ್ದೆ. ನಿಜಕ್ಕೂ ಇದು ಹೊಸಬರಿಗೇ ಬೇಕಾದದ್ದು. ‘ಕಸದಲ್ಲಿ ಭಾಗವತರು ಕೇಳಿದರೆ ನಿಲ್ಲಿಸಿ’ ಎಂದು ಬರೆದೆ. ಮಾವನಿಗೆ ಸದ್ದು ಅಳೆಯುವ ಡೆಸಿಬೆಲ್ (ಡಿಬಿ) ಅಂದರೇನು ಎಂಬುದು ಇವತ್ತಿಗೂ ಬೇಕಾಗಿಲ್ಲ, ಆದರೆ ಭಾಗವತರು ಕಸದಲ್ಲಿದ್ದಾರೋ ಇಲ್ಲವೋ ಎಂದು ಹೇಳಲು ಅವರಿಗಿಂತ ಒಳ್ಳೆಯ ಕಿವಿ ನನಗೆ ಎಲ್ಲಿ ಸಿಗಬೇಕು? ನಾನು 6 ಡಿಬಿ ಸಾಕು ಎಂದುಕೊಂಡ ಕಡೆ ಅವರು ನಾಲ್ಕಕ್ಕೇ ನಿಲ್ಲಿಸಿದ್ದಾರೆ.

ಜೀರುಂಡೆಯ ವಿಷಯದಲ್ಲಿ ನಮಗೆ ಸಣ್ಣ ಜಗಳವೇ ಆಯಿತು. ರಾತ್ರಿ ಬಯಲಾಟದ ಟೇಪಿನ ತುಂಬ ಜೀರುಂಡೆ. ನಾನು ಸ್ವಲ್ಪ ತಗ್ಗಿಸಿ ತೋರಿಸಿದೆ. ‘ಬ್ಯಾಡ. ಹಗಲು ಹೊತ್ತು ಆಟ ಆಡಿದಾಂಗೆ ಕೇಳ್ತು’ ಎಂದರು. ಕೈಪಿಡಿಯಲ್ಲಿ ಜೀರುಂಡೆ ತೆಗೆಯುವ ವಿಧಾನ ಇಲ್ಲ.

ಚಂಡೆ, ಚೀಲ, ಕರೆಂಟು

ಉಳಿದವನ್ನು ಬೇಗ ಹೇಳುತ್ತೇನೆ.

ಧ್ವನಿಮಟ್ಟ: ‘ಪ್ಲೇ ಮಾಡಿ, ಮೀಟರು ಕೆಂಪಿಗೆ ತಾಗದಂತೆ ವಾಲ್ಯೂಮ್ ಹೊಂದಿಸಿ’ ಎಂದು ಬರೆದಿದ್ದೆ. ಮಾವ ಕ್ಯಾಸೆಟ್ಟಿನ ಶುರುವಿನಲ್ಲಿ ಹೊಂದಿಸಿದರು. ಶುರುವಿನಲ್ಲಿ ಇರುವುದು ಪ್ರಾರ್ಥನೆ. ಅರ್ಧ ಗಂಟೆಯ ಮೇಲೆ ಚಂಡೆ ಬಿದ್ದದ್ದೇ ಎಲ್ಲ ಒಡೆದುಹೋಯಿತು, ತರಂಗದ ತಲೆಗಳೆಲ್ಲ ಬೇಲಿ ಕತ್ತರಿಸಿದ ಹಾಗೆ ಚಪ್ಪಟೆ. ಹೀಗೆ ಒಡೆದದ್ದನ್ನು ಆಮೇಲೆ ಸರಿಮಾಡಲು ಬರುವುದಿಲ್ಲ, ಮತ್ತೆ ಮೊದಲಿನಿಂದ ಓಡಿಸಬೇಕು. ಈಗ ಹಂತ ಹೀಗಿದೆ: ‘ಮೊದಲು ಟೇಪನ್ನು ಓಡಿಸಿ ಚಂಡೆ ಜೋರಾಗಿರುವ ಜಾಗಕ್ಕೆ ಹೋಗಿ. ಅಲ್ಲಿ ಮೀಟರು ಮೈನಸ್ ಆರರ ಹತ್ತಿರ ಇರಲಿ. ಆಮೇಲೆ ರಿವೈಂಡ್.’ ತಾಳಮದ್ದಳೆಗೆ ಈ ರಗಳೆ ಕಡಿಮೆ, ಹೆಚ್ಚಿನ ಹೊತ್ತು ಮಾತೇ.

ಜಾಗ: ಆಡಾಸಿಟಿ ತಾನಾಗಿ ಬಳಸುವ 32-ಬಿಟ್ ಸ್ಟೀರಿಯೋದಲ್ಲಿ (ಎಡಕ್ಕೊಂದು, ಬಲಕ್ಕೊಂದು ದನಿ) ಒಂದು ಸಿ-90ಕ್ಕೆ ಸುಮಾರು 1.9 ಜಿಬಿ. 140ಕ್ಕೆ 266 ಜಿಬಿ. ಲ್ಯಾಪ್‌ಟಾಪಿನ ಡಿಸ್ಕ್ ಇದ್ದದ್ದೇ 256. ಮಾವನ ಟೇಪ್‌ರೆಕಾರ್ಡರಿಗೆ ಮೈಕು ಒಂದೇ, ಹಾಗಾಗಿ ಸ್ಟೀರಿಯೋದಿಂದ ಲಾಭವೇನೂ ಇಲ್ಲ. ಒಂದೇ ದನಿಯ ಮೋನೋಕ್ಕೆ ನಾನೇ ಬದಲಾಯಿಸಿಟ್ಟೆ, ಕೈಪಿಡಿಯಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಒಮ್ಮೆ ಮಾಡಿ ಮರೆಯುವ ಕೆಲಸವನ್ನು ಹೊಸಬರ ತಲೆಗೆ ಕಟ್ಟುವುದು ಯಾಕೆ? ಹೊತ್ತಿಗೆ ಸರಿಯಾಗಿ ತಾನೇ ನಿಲ್ಲುವ ಟೈಮರ್ ರೆಕಾರ್ಡ್ ಎಂಬ ಸೌಲಭ್ಯವನ್ನೂ ಹೀಗೇ ಬಿಟ್ಟೆ. ಅತ್ತೆ ಮೊಬೈಲಿನಲ್ಲಿ 45 ನಿಮಿಷಕ್ಕೆ ಅಲಾರಾಂ ಇಡುತ್ತಾರೆ, ಅದೇ ಸಾಕು.

ಸೇವ್ ಮತ್ತು ಎಕ್ಸ್‌ಪೋರ್ಟ್: ಆಡಾಸಿಟಿಗೆ ಹೊಸಬರಾದವರೆಲ್ಲ ಬೀಳುವ ಗುಂಡಿ ಇದೇ. ‘ಸೇವ್ ಪ್ರಾಜೆಕ್ಟ್’ ಒತ್ತಿದರೆ ಆಡಾಸಿಟಿ ಮಾತ್ರ ತೆರೆಯಬಲ್ಲ ಫೈಲು ಆಗುತ್ತದೆ. ಮೊಬೈಲಿನಲ್ಲಿ ಕೇಳಬೇಕಾದರೆ ‘ಎಕ್ಸ್‌ಪೋರ್ಟ್ ಆಡಿಯೋ’ ಮಾಡಬೇಕು. ಮಾವ ಹನ್ನೊಂದು ಕ್ಯಾಸೆಟ್ಟು ಸೇವ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ತಂಗಿಯ ಮನೆಗೆ ಒಯ್ದು, ಅಲ್ಲಿ ಟಿವಿಗೆ ಚುಚ್ಚಿ, ಏನೂ ಬರದೆ ಮುಖ ಸಣ್ಣದು ಮಾಡಿಕೊಂಡು ಬಂದರು. ‘ರಫ್ತು’ ಬಿಟ್ಟು ಬೇರೆ ಪದಕ್ಕೆ ನಾನು ತಡಕಾಡುತ್ತಿದ್ದಾಗ ಅವರೇ ಹೇಳಿದರು: ಪ್ರಾಜೆಕ್ಟ್ ಅಂದರೆ ಅಂಗಳದಲ್ಲಿ ಹರವಿದ ಅಡಿಕೆ, ಎಕ್ಸ್‌ಪೋರ್ಟ್ ಅಂದರೆ ಚೀಲ ಕಟ್ಟಿದ್ದು. ಹರವಿದ್ದನ್ನು ಇನ್ನೂ ಆರಿಸಬಹುದು, ತಿದ್ದಬಹುದು. ಪೇಟೆಗೆ ಹೋಗುವುದು ಚೀಲವೇ. ಹಾಗೆಯೇ ಬರೆದೆ. ಮನೆಯಲ್ಲಿಡಲು ಧ್ವನಿ ಕುಗ್ಗಿಸದ ವೇವ್ ಚೀಲ, ಮೊಬೈಲಿಗೆ ಕುಗ್ಗಿಸಿದ ಎಂಪಿತ್ರೀ ಚೀಲ. 128 ಕೆಬಿಪಿಎಸ್‌ನಲ್ಲಿ 45 ನಿಮಿಷದ ಒಂದು ಬದಿ ಸುಮಾರು 43 ಎಂಬಿ. ಫೈಲಿನ ಹೆಸರಿಗೆ ಮಾವನ ಹಳೆಯ ನೋಟ್‌ಬುಕ್ಕಿನ ಸಂಖ್ಯೆಯನ್ನೇ ಇಟ್ಟೆವು: ಡಬ್ಬಿ, ಕ್ಯಾಸೆಟ್ಟು, ಬದಿ.

ಕರೆಂಟು: ಆಷಾಢದಲ್ಲಿ ಕರೆಂಟು ಹೋಗುವುದನ್ನು ಬರೆಯಬೇಕಾಗಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿಗೆ ಎಂಟು ನಿಮಿಷದ ಆಯುಷ್ಯ. ಮತ್ತೆ ತೆರೆದಾಗ ಆಡಾಸಿಟಿ ಕಿಟಕಿಯೊಂದನ್ನು ತೋರಿಸಿ, ಅರ್ಧಕ್ಕೆ ನಿಂತದ್ದನ್ನು ಮರಳಿ ಪಡೆಯಲೇ ಎಂದು ಕೇಳುತ್ತದೆ. ಮಾವನಿಗೆ ಅದು ವೈರಸ್ ಅನ್ನಿಸಿತು. ಹೆದರಿ ‘ಡಿಸ್ಕಾರ್ಡ್’ ಒತ್ತಿದರು, ನಲವತ್ತು ನಿಮಿಷ ಹೋಯಿತು. ಈಗ ಆ ಕಿಟಕಿಯ ಚಿತ್ರ ಕೈಪಿಡಿಯ ಹಿಂಬದಿಯ ರಟ್ಟಿನ ಮೇಲೇ ಇದೆ, ಕತ್ತಲೆಯಲ್ಲಿ ಪುಟ ತಿರುವುವ ಗೋಜು ಬೇಡ ಎಂದು.

ಅಕ್ಷರದ ತೊಡಕು

ಮೆನುವಿನ ಹೆಸರುಗಳನ್ನು ನಾನು ಕನ್ನಡ ಲಿಪಿಯಲ್ಲಿ ಬರೆದಿದ್ದೆ. ಮಾವನಿಗೆ ಇಂಗ್ಲಿಷ್ ಓದಲು ಬರುತ್ತದೆ, ಅವರಿಗೆ ನಡೆಯಿತು. ಅತ್ತೆ ಕೂತಾಗ ಗೊತ್ತಾಯಿತು ಕಷ್ಟ. ಕಾಗದದಲ್ಲಿ ‘ಎಫೆಕ್ಟ್’ ಎಂದಿದೆ, ಪರದೆಯಲ್ಲಿ ಬೇರೆ ಲಿಪಿ. ಎರಡನ್ನೂ ತಾಳೆ ಹಾಕುವುದು ಹೇಗೆ? ಬರೀ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಫೋನಿನಲ್ಲಿ ಕೇಳುವಾಗ ಬಾಯಲ್ಲಿ ಹೇಳಲು ಬರುವುದಿಲ್ಲ. ಕೊನೆಗೆ ಪರದೆಯ ಮೇಲಿನ ಪದವನ್ನೇ ಚಿತ್ರವಾಗಿ ಕತ್ತರಿಸಿ ಅಂಟಿಸಿ, ಪಕ್ಕದಲ್ಲಿ ಕನ್ನಡದಲ್ಲಿ ಉಚ್ಚಾರ, ಅದರ ಪಕ್ಕ ‘ಮೇಲಿನ ಸಾಲಿನಲ್ಲಿ ಎಡದಿಂದ ಎಂಟನೆಯದು’ ಎಂದು ಹಾಕಿದೆ. ಅತ್ತೆ ಎಣಿಸಿಯೇ ಒತ್ತುತ್ತಾರೆ. ಎರಡು ವಾರದಲ್ಲಿ ಎಣಿಸುವುದನ್ನೂ ಬಿಟ್ಟರು. ಈಗ ಮಾವನಿಗಿಂತ ಅವರ ಕೈ ಚುರುಕು, ಮಾವ ಅದನ್ನು ಒಪ್ಪುವುದಿಲ್ಲ.

ಮುದ್ರಣಕ್ಕೆ ಕೊಟ್ಟಾಗ ಇನ್ನೊಂದು ಪಜೀತಿ. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಇನ್ನೂ ಹಳೆಯ ನುಡಿ ಅಕ್ಷರಗಳ ಕಾಲ. ನನ್ನ ಯೂನಿಕೋಡ್ ಬರಹ ಅಲ್ಲಿ ತೆರೆದರೆ ಬರೀ ಚೌಕಗಳು. ಪಿಡಿಎಫ್ ಮಾಡಿ ಒಯ್ದೆ.

ಕುಮಟೆಯ ಪ್ರತಿ

ಎಂಟು ಪುಟದ ಆ ಕೈಪಿಡಿಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇಟ್ಟಿದ್ದೇನೆ; ಯಾರು ಬೇಕಾದರೂ ಮುದ್ರಿಸಬಹುದು, ತಿದ್ದಬಹುದು. ಕ್ಯಾಸೆಟ್ಟಿನೊಳಗಿನ ಆಟದ ಹಕ್ಕು ಬೇರೆ ಮಾತು. ಅಂಗಡಿಯಲ್ಲಿ ಕೊಂಡದ್ದರ ಎಂಪಿತ್ರೀ ಮನೆಯ ಹೊಸ್ತಿಲು ದಾಟಬಾರದು ಎಂಬುದು ಮಾವನದೇ ಕಟ್ಟಳೆ.

ಮೊದಲ ಪ್ರತಿ ಘಟ್ಟ ಇಳಿದು ಕುಮಟೆಗೆ ಹೋಯಿತು, ಮಾವನ ಹಳೆಯ ಸ್ನೇಹಿತರೊಬ್ಬರಿಗೆ. ಅವರು ಮದ್ದಳೆಗಾರರು. ತಿಂಗಳ ನಂತರ ಅದು ಪೆನ್ನಿನ ಗುರುತು ತುಂಬಿಕೊಂಡು ವಾಪಸು ಬಂತು. ಅವರ ಪೆಟ್ಟಿಗೆಗೆ ‘ಟಕ್’ ಸದ್ದೇ ಇಲ್ಲ, ‘ನನ್ನದರಲ್ಲಿ ಗುಂಯ್ ಅಂತ ಎದ್ದು ಬರ್ತದೆ, ಅದನ್ನೂ ಬರೀರಿ’ ಎಂದು ಅಂಚಿನಲ್ಲಿ ಬರೆದಿದ್ದರು. ಕರಾವಳಿಯ ಉಪ್ಪುಗಾಳಿಗೆ ಅವರ ಟೇಪ್‌ರೆಕಾರ್ಡರಿನಲ್ಲಿ ಟೇಪಿನಿಂದ ದನಿ ಎತ್ತುವ ಹೆಡ್ಡು ಮಂಕಾಗಿ ದನಿಯೇ ಮುಸುಕಾಗಿತ್ತು. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದನ್ನು ನಾನು ಬರೆದೇ ಇರಲಿಲ್ಲ, ಮಾವ ಹೇಳದೆಯೂ ಮಾಡುತ್ತಿದ್ದರಲ್ಲ! ಅದೂ ಮೊದಲ ಪುಟಕ್ಕೆ ಬಂತು. ಮದ್ದಳೆಯ ನಾದ ನಾಯ್ಸ್ ರಿಡಕ್ಷನ್ನಿನಲ್ಲಿ ಒಣಗುತ್ತದೆ ಎಂದೂ ಅವರು ಎಚ್ಚರಿಸಿದ್ದಾರೆ. ಅದನ್ನು ಇನ್ನೂ ಕೇಳಿ ನೋಡಬೇಕು.

ಕಳೆದ ತಿಂಗಳು ಮಾವನ ಮಗ ಊರಿಗೆ ಬಂದವನು ಒಳ್ಳೆಯ ಮನಸ್ಸಿನಿಂದಲೇ ಆಡಾಸಿಟಿಯನ್ನು ಹೊಸ ಆವೃತ್ತಿಗೆ ಏರಿಸಿ ಹೋದ. 3.5ನೇ ಆವೃತ್ತಿಯಿಂದ ಈಚೆಗೆ ಸೇವ್ ಒತ್ತಿದರೆ ಕ್ಲೌಡಿನಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಇಡಲೋ ಕಂಪ್ಯೂಟರಿನಲ್ಲಿ ಇಡಲೋ ಎಂದು ಕೇಳುವ ಕಿಟಕಿ ಬರುತ್ತದೆ. ನನ್ನ ಆರನೇ ಪುಟದ ಚಿತ್ರದಲ್ಲಿ ಅದಿಲ್ಲ. ಮಾವ ಏನನ್ನೂ ಒತ್ತದೆ ನನಗೆ ಫೋನು ಮಾಡಿದರು.

‘ತಮಾ, ಹೊಸ ಕಿಟಕಿ ಬಂಜು. ಮೋಡಕ್ಕೆ ಹಾಕವಾ, ಅಟ್ಟಕ್ಕೆ ಹಾಕವಾ ಕೇಳ್ತಾ ಇದ್ದು.’

ಅಟ್ಟಕ್ಕೆ ಅಂದೆ. ಆ ಭಾನುವಾರ ಹೋಗಿ ನೋಡಿದರೆ ಆರನೇ ಪುಟದಲ್ಲಿ ನನ್ನ ಚಿತ್ರದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಲೆಕ್ಕದ ಪುಸ್ತಕದ ಗುಂಡಕ್ಷರದಲ್ಲಿ ತಿದ್ದುಪಡಿ ಬರೆದು, ಕೆಳಗೆ ತಾರೀಕು ಹಾಕಿ ಸಹಿ ಮಾಡಿದ್ದರು. 97 ಕ್ಯಾಸೆಟ್ಟು ಮುಗಿದಿತ್ತು. ಬೆಲ್ಟು ಇನ್ನೂ ತಡೆದಿದೆ.